ಗೋದಲಿ ಮೊದಲು, ದೀಪಾಲಂಕಾರ ಆಮೇಲೆ: ಕ್ರಿಸ್‌ಮಸ್ ಆಚರಣೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರಿಸ್‌ಮಸ್‌ನ ಕ್ರೈಸ್ತ ಅರ್ಥ ಅಂದರೆ ಒಂದೇ ಮಾತಿನಲ್ಲಿ ಏನು?

ದೇವರು ಮನುಷ್ಯನಾಗಿ ಹುಟ್ಟಿದ್ದು. ಕನ್ನಡ ಬೈಬಲ್ ಓದಿ ಬೆಳೆದವರಿಗೆ ‘ನರಾವತಾರ’ ಎಂಬ ಪದ ಗೊತ್ತಿರುತ್ತದೆ. ಯೋಹಾನ 1:14 ಹೇಳುವುದು ಇದನ್ನೇ. ಶಾಂತಿ, ಪ್ರೀತಿ, ಕುಟುಂಬ, ಹಂಚಿ ಉಣ್ಣುವುದು ಎಲ್ಲವೂ ಈ ಹುಟ್ಟಿನ ಹಿಂದೆ ಬರುವಂಥವು. ಎಷ್ಟೋ ಕ್ರಿಸ್‌ಮಸ್ ಭಾಷಣಗಳಲ್ಲಿ ಹಿಂದೆ ಬಂದವು ಮಾತ್ರ ಉಳಿದು, ಹುಟ್ಟಿದವನ ಹೆಸರೇ ಬಿಟ್ಟುಹೋಗಿರುತ್ತದೆ.

ನಿಮ್ಮ ಮನೆಯ ಹಬ್ಬ ಎಲ್ಲಿ ನಿಂತಿದೆ ಎಂದು ನೋಡಲು ಒಂದು ಸುಲಭದ ಪರೀಕ್ಷೆಯಿದೆ. ಮತ್ತಾಯ 1:21–23ರಲ್ಲಿ ಮಗುವಿಗೆ ಎರಡು ಹೆಸರುಗಳಿವೆ: ಯೇಸು, ಅಂದರೆ ರಕ್ಷಿಸುವವನು, ಇಮ್ಮಾನುವೇಲ್, ಅಂದರೆ ದೇವರು ನಮ್ಮ ಜೊತೆ. ಮನೆಯ ಆರು ವರ್ಷದ ಮಗು ಈ ಎರಡು ಹೆಸರನ್ನೂ ಅರ್ಥವನ್ನೂ ಹೇಳಿದರೆ ಅಡಿಪಾಯ ಸರಿಯಿದೆ. ಸಾಂತಾನ ಜಾರುಬಂಡಿ ಎಳೆಯುವ ಹಿಮಸಾರಂಗಗಳ ಹೆಸರು ಮಾತ್ರ ಹೇಳಿದರೆ ಕೆಳಗಿನದ್ದನ್ನು ಪೂರ್ತಿ ಓದಿ.

ಡಿಸೆಂಬರ್ 25 ನಿಜವಾಗಿ ಯೇಸು ಹುಟ್ಟಿದ ದಿನವೇ?

ಯೇಸುವಿನ ಬದುಕನ್ನು ಹೇಳುವ ಬೈಬಲಿನ ಸುವಾರ್ತೆ ಪುಸ್ತಕಗಳಲ್ಲಿ ತಾರೀಕು ಇಲ್ಲ. ವರ್ಷವೂ ಇಲ್ಲ; ಯೇಸು ಹುಟ್ಟಿದಾಗ ಆಳುತ್ತಿದ್ದ ಹೆರೋದ ಅರಸನು ಕ್ರಿ.ಪೂ. 4ರಲ್ಲಿ ಸತ್ತನೆಂದು ಬಹುಪಾಲು ಇತಿಹಾಸಕಾರರು ಎಣಿಸುವುದರಿಂದ ಹುಟ್ಟು ಅದಕ್ಕೂ ತುಸು ಮುಂಚೆ. ಆರನೇ ಶತಮಾನದಲ್ಲಿ ಡಯೊನೀಸಿಯಸ್ ಎಂಬ ಸನ್ಯಾಸಿ ಯೇಸು ಹುಟ್ಟಿದ ವರ್ಷವನ್ನು ಲೆಕ್ಕ ಹಾಕಿದಾಗ ಆದ ಕೆಲವು ವರ್ಷಗಳ ತಪ್ಪನ್ನೇ ಇಡೀ ಲೋಕದ ಕ್ಯಾಲೆಂಡರ್ ಇವತ್ತಿಗೂ ಹೊತ್ತುಕೊಂಡಿದೆ.

ಡಿಸೆಂಬರ್ 25ಕ್ಕೆ ಸಿಗುವ ಹಳೆಯ ಲಿಖಿತ ಸಾಕ್ಷಿ ರೋಮಿನಲ್ಲಿ 354ರಲ್ಲಿ ಸಿದ್ಧವಾದ ಒಂದು ಪಂಚಾಂಗದಂಥ ಸಂಕಲನ. ಅದರಲ್ಲಿರುವ ಆ ಪಟ್ಟಿ 336ರ ಹೊತ್ತಿನದು. ದಿನವನ್ನು ಹೀಗೆ ಗೊತ್ತುಮಾಡಿದ್ದೇಕೆ ಎನ್ನುವುದಕ್ಕೆ ಎರಡು ವಾದಗಳಿವೆ. ಸೋಲ್ ಇನ್ವಿಕ್ಟಸ್ ಎಂಬ ಸೂರ್ಯದೇವನ ರೋಮನ್ ಹಬ್ಬಕ್ಕೆ ಎದುರಾಗಿ ಇಟ್ಟರು ಎಂಬುದು ಒಂದು. ಮಾರ್ಚ್ 25ರಂದೇ ಯೇಸು ಗರ್ಭದಲ್ಲಿ ಮೂಡಿದ, ಅದೇ ದಿನ ಸತ್ತ ಎಂಬ ಹಳೆಯ ನಂಬಿಕೆಗೆ ಒಂಬತ್ತು ತಿಂಗಳು ಕೂಡಿಸಿದರು ಎಂಬುದು ಇನ್ನೊಂದು. ಈ ನಂಬಿಕೆಯನ್ನು ಸಂತ ಅಗಸ್ಟೀನ್ ಬರೆದಿಟ್ಟಿದ್ದಾನೆ. ಅರ್ಮೇನಿಯನ್ ಅಪೊಸ್ತಲಿಕ ಸಭೆಗೆ (ಚರ್ಚಿಗೆ) ಕ್ರಿಸ್ತನ ಜನನವೂ ದೀಕ್ಷಾಸ್ನಾನವೂ ಜನವರಿ 6ಕ್ಕೆ. ಹಳೆಯ ಜೂಲಿಯನ್ ಕ್ಯಾಲೆಂಡರ್ ಬಿಡದ ಸಭೆಗಳಿಗೆ ಅವರ ಡಿಸೆಂಬರ್ 25 ನಮ್ಮ ಜನವರಿ 7ರಂದು ಬರುತ್ತದೆ, ಎರಡರ ನಡುವೆ ಈಗ 13 ದಿನಗಳ ಅಂತರ.

‘ಇದು ನಿಜವಾದ ಹುಟ್ಟುಹಬ್ಬ ಅಲ್ಲ’ ಎಂದು ಯಾರಾದರೂ ಹೇಳಿದರೆ ಜಗಳಕ್ಕೆ ಇಳಿಯಬೇಕಿಲ್ಲ. ಸಭೆ ನೆನೆಯುವುದು ಹುಟ್ಟನ್ನು. ತಾರೀಕು ನೆನೆಯಲು ಮಾಡಿಕೊಂಡ ಅನುಕೂಲ.

‘ಕ್ರಿಸ್‌ಮಸ್ ಆಚರಿಸಿ’ ಎಂದು ಬೈಬಲ್ ಎಲ್ಲೂ ಹೇಳುವುದಿಲ್ಲವಲ್ಲ?

ಹೌದು, ಹೇಳುವುದಿಲ್ಲ. ಇದೇ ಕಾರಣಕ್ಕೆ ಪ್ಯೂರಿಟನ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರ ಕೈಯಲ್ಲಿದ್ದ ಇಂಗ್ಲೆಂಡಿನ ಸಂಸತ್ತು 1647ರಲ್ಲಿ ಹಬ್ಬವನ್ನೇ ರದ್ದು ಮಾಡಿತ್ತು. ಮಸಾಚುಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಆಚರಿಸಿದವರಿಗೆ ದಂಡವಿತ್ತು. ಇವತ್ತಿಗೂ ಆಚರಿಸದ ಕ್ರೈಸ್ತರಿದ್ದಾರೆ, ಅವರ ವಿಶ್ವಾಸಕ್ಕೆ ಅದರಿಂದ ಕುಂದಿಲ್ಲ. ಈ ವಿಷಯಕ್ಕೆ ರೋಮಾಪುರದವರಿಗೆ ಬರೆದ ಪತ್ರದ 14:5–6 ಸಾಕು: ದಿನವನ್ನು ಗಣಿಸುವವನು ಕರ್ತನಿಗಾಗಿ ಗಣಿಸಲಿ. ಆಚರಿಸುವವರನ್ನು ಕಾಡಬೇಕಾದ ಪ್ರಶ್ನೆ ಆ ‘ಕರ್ತನಿಗಾಗಿ’ ಎಂಬ ಮಾತಿನಲ್ಲಿದೆ.

ತಯಾರಿ ಯಾವಾಗ ಶುರು ಮಾಡಬೇಕು?

ಆಗಮನಕಾಲದ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಸಿದ್ಧತೆಯ ಕಾಲದ, ಮೊದಲ ಭಾನುವಾರ. ಅದು ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬೀಳುತ್ತದೆ. ಲೆಕ್ಕ ಹಾಕುವುದು ಸುಲಭ: ಡಿಸೆಂಬರ್ 25ಕ್ಕೆ ಹಿಂದಿನ ಭಾನುವಾರವನ್ನೂ ಸೇರಿಸಿ ಹಿಂದಕ್ಕೆ ನಾಲ್ಕು ಭಾನುವಾರ ಎಣಿಸಿ. ಕ್ರಿಸ್‌ಮಸ್ ಭಾನುವಾರವೇ ಬಂದರೆ ಅದನ್ನು ಎಣಿಸಬೇಡಿ. ಹೀಗಾಗಿ ಈ ಕಾಲ ಕೆಲವು ವರ್ಷ 28 ದಿನ, ಕೆಲವು ವರ್ಷ ಬರೀ 22 ದಿನ. 2023ರಲ್ಲಿ ನಾಲ್ಕನೇ ಭಾನುವಾರ ಡಿಸೆಂಬರ್ 24ಕ್ಕೇ ಬಂದು, ಬೆಳಿಗ್ಗೆ ಆಗಮನಕಾಲದ ಆರಾಧನೆ, ರಾತ್ರಿ ಕ್ರಿಸ್‌ಮಸ್ ಆರಾಧನೆ ಎಂದು ಒಂದೇ ದಿನ ಎರಡೂ ಆದವು. ಪೂರ್ವದ ಸಭೆಗಳ ಲೆಕ್ಕ ಬೇರೆ. ಅನೇಕ ಆರ್ಥಡಾಕ್ಸ್ ಸಭೆಗಳಲ್ಲಿ ಕ್ರಿಸ್‌ಮಸ್‌ಗೆ ಮುಂಚೆ 40 ದಿನಗಳ ಉಪವಾಸಕಾಲವಿದೆ.

ಅನುಭವಸ್ಥರು ಹೇಳುವ ಮುಖ್ಯ ಮಾತು ಇದು: ಹಬ್ಬದ ಅರ್ಥವನ್ನು ನುಂಗುವುದು ಸಾಂತಾ ಅಲ್ಲ, ದಣಿವು. 24ರ ಸಂಜೆ ಅಡುಗೆ, ಗುಡಿಸುವುದು, ಉಡುಗೊರೆ ಸುತ್ತುವುದು ಎಲ್ಲ ಒಟ್ಟಿಗೆ ಬಂದು ಆರಾಧನೆಗೆ ಹೋದವರು ಅರೆನಿದ್ದೆಯಲ್ಲಿ ಕೂತಿರುತ್ತಾರೆ. ಹಾಗಾಗಿ ಖರೀದಿಗೆ ಗಡುವು ಇಟ್ಟುಕೊಳ್ಳಿ: ಮೂರನೇ ಭಾನುವಾರದ ನಂತರ ಹೊಸದೇನನ್ನೂ ಕೊಳ್ಳುವುದಿಲ್ಲ. ಬಟ್ಟೆ ಹೊಲಿಯಲು ಕೊಡುವುದಾದರೆ ನವೆಂಬರ್‌ನಲ್ಲೇ ಕೊಡಿ. ಕೊನೆಯ ವಾರದಲ್ಲಿ ಅಡುಗೆಮನೆ ಮತ್ತು ಪ್ರಾರ್ಥನೆ ಎರಡೇ ಉಳಿಯಬೇಕು.

ಆಗಮನಕಾಲದ ಮೇಣದಬತ್ತಿ ಚಕ್ರವನ್ನು ಮನೆಯಲ್ಲೇ ಮಾಡುವುದು ಹೇಗೆ?

1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಚ್ ವಿಚೆರ್ನ್ ಎಂಬ ಪಾದ್ರಿ ಬಡಮಕ್ಕಳಿಗಾಗಿ ಒಂದು ಆಶ್ರಮ ನಡೆಸುತ್ತಿದ್ದ. ‘ಕ್ರಿಸ್‌ಮಸ್‌ಗೆ ಇನ್ನೆಷ್ಟು ದಿನ?’ ಎಂದು ದಿನವೂ ಪೀಡಿಸುವ ಮಕ್ಕಳಿಗೆ ಬಂಡಿಯ ಚಕ್ರದ ಮೇಲೆ ಬತ್ತಿಗಳನ್ನು ನಿಲ್ಲಿಸಿ ತೋರಿಸಿದ: ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ ಚಿಕ್ಕ ಕೆಂಪು ಬತ್ತಿ. ಈಗ ನಾಲ್ಕು ದೊಡ್ಡವು ಮಾತ್ರ ಉಳಿದಿವೆ; ಮೊದಲ ವಾರ ಒಂದು, ಆಮೇಲೆ ಭಾನುವಾರಕ್ಕೊಂದರಂತೆ ಸೇರಿಸುತ್ತಾ ಹಚ್ಚುತ್ತಾರೆ. ಅನೇಕ ಸಭೆಗಳಲ್ಲಿ ಮೂರು ನೇರಳೆ, ಮೂರನೇ ಭಾನುವಾರಕ್ಕೆ ಒಂದು ಗುಲಾಬಿ. ನಡುವೆ ಬಿಳಿಯದು ಕ್ರಿಸ್ತನ ಬತ್ತಿ, ಅದನ್ನು ಹಚ್ಚುವುದು 24ರ ರಾತ್ರಿ.

ಸುಮಾರು 35 ಸೆಂ.ಮೀ. ಅಗಲದ ಲೋಹದ ತಟ್ಟೆ ತೆಗೆದುಕೊಂಡು ಎರಡು ಬೆರಳು ದಪ್ಪ ಮರಳು ತುಂಬಿ, ಬತ್ತಿಗಳನ್ನು ಮರಳಿನೊಳಗೆ ಬಿಗಿಯಾಗಿ ನಿಲ್ಲಿಸಿ. ಒಂದಕ್ಕೂ ಇನ್ನೊಂದಕ್ಕೂ ಕನಿಷ್ಠ 10 ಸೆಂ.ಮೀ. ಅಂತರವಿರಲಿ; ಹತ್ತಿರವಾದರೆ ಒಂದರ ಶಾಖಕ್ಕೆ ಪಕ್ಕದ್ದು ಬಾಗುತ್ತದೆ. ಹಸಿರೆಲೆಗಳನ್ನು ಜ್ವಾಲೆಯಿಂದ ದೂರ, ಅಂಚಿನಲ್ಲಿ ಜೋಡಿಸಿ. ಒಣಗಿದ ಎಲೆ ಬೆಂಕಿಗೆ ಕರ್ಪೂರವಿದ್ದಂತೆ, ವಾರಕ್ಕೊಮ್ಮೆ ಬದಲಾಯಿಸಲೇಬೇಕು.

ಎಲ್ಲರೂ ಎಡವುವುದು ಬತ್ತಿಯ ಲೆಕ್ಕದಲ್ಲಿ. ದಿನಕ್ಕೆ 15 ನಿಮಿಷ ಉರಿಸಿದರೆ 28 ದಿನಕ್ಕೆ ಮೊದಲನೇ ಬತ್ತಿ 7 ಗಂಟೆ ಉರಿಯುತ್ತದೆ, ನಾಲ್ಕನೆಯದು ಒಂದೂಮುಕ್ಕಾಲು ಗಂಟೆ ಮಾತ್ರ. ಪ್ಯಾಕಿನ ಮೇಲೆ 8 ಗಂಟೆಗಿಂತ ಕಡಿಮೆ ಅವಧಿ ಬರೆದಿದ್ದರೆ ಮೊದಲನೆಯದು ಕೊನೆಯ ವಾರ ಮುಗಿದೇ ಹೋಗಬಹುದು. ನಾಲ್ಕೂ ಬತ್ತಿಗಳ ಎತ್ತರ ಏರುಪೇರಾಗುವುದು ಸಹಜ, ಅದೇ ಅದರ ಚಂದ. ಸಮ ಮಾಡಲು ಹೋಗಬೇಡಿ. ಹಚ್ಚುವ ಮುಂಚೆ ಬತ್ತಿಯ ನೂಲನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸಿದರೆ ಹೊಗೆ ಬರುವುದಿಲ್ಲ. ಫ್ಯಾನ್ ಆರಿಸಿ. ಕೋಣೆಯಿಂದ ಕೊನೆಗೆ ಹೊರಡುವವರು ಬತ್ತಿ ಆರಿಸಿಯೇ ಹೊರಡಬೇಕು.

ಮನೆಯಲ್ಲಿ ಏನು ಓದಬೇಕು? ಎಲ್ಲರೂ ಎರಡೇ ದಿನಕ್ಕೆ ಬಿಟ್ಟುಬಿಡುತ್ತಾರೆ.

ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯಗಳಿವೆ. ಡಿಸೆಂಬರ್ 1ರಿಂದ ದಿನಕ್ಕೊಂದು ಓದಿದರೆ 24ರ ಹೊತ್ತಿಗೆ ಮುಗಿಯುತ್ತದೆ. ಯೋಜನೆ ಒಳ್ಳೆಯದೇ, ಆದರೆ ಬಿಟ್ಟುಬಿಡುವುದಕ್ಕೆ ಕಾರಣ ಮೊದಲ ದಿನದಲ್ಲೇ ಕೂತಿದೆ: ಒಂದನೇ ಅಧ್ಯಾಯದಲ್ಲಿ 80 ವಚನಗಳು, ಇಡೀ ಸುವಾರ್ತೆಯಲ್ಲೇ ಅತಿ ಉದ್ದ. ದೊಡ್ಡವರಿಗೇ ಆಕಳಿಕೆ ಬರುತ್ತದೆ, ಮಕ್ಕಳ ಮಾತು ಬಿಡಿ. ಅದನ್ನು ನವೆಂಬರ್ ಕೊನೆಯ ಮೂರು ದಿನಕ್ಕೆ ಒಡೆಯಿರಿ: 1–25 ಜಕರೀಯ, 26–56 ಮರಿಯ, 57–80 ಯೋಹಾನನ ಹುಟ್ಟು. ಆಮೇಲೆ ಡಿಸೆಂಬರ್ 1ಕ್ಕೆ ಎರಡನೇ ಅಧ್ಯಾಯ. ಒಂದು ದಿನ ಕೈಯಲ್ಲಿ ಉಳಿಯುತ್ತದೆ, ತಪ್ಪಿಸಿಕೊಂಡ ದಿನಕ್ಕೆ ಅದೇ ಆಸರೆ.

ಈ ಓದಿನಲ್ಲಿ ಇನ್ನೊಂದು ಲಾಭವಿದೆ. ಹಬ್ಬದ ಹಿಂದಿನ ದಿನ ನೀವು ಶಿಲುಬೆಯನ್ನೂ ದಾಟಿ, ಮರಣದಿಂದ ಎದ್ದ ಯೇಸು ಶಿಷ್ಯರ ಜೊತೆ ನಡೆದ ಎಮ್ಮಾಹುವಿನ ದಾರಿಗೆ ಬಂದಿರುತ್ತೀರಿ. ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಮಗುವನ್ನೇ ಲೂಕನು 23:53ರಲ್ಲಿ ನಾರುಬಟ್ಟೆಯಲ್ಲಿ ಸುತ್ತಿ ಸಮಾಧಿಯಲ್ಲಿ ಇಡಿಸುತ್ತಾನೆ. ಮೂರು ವಾರದ ಅಂತರದಲ್ಲಿ ಇವೆರಡನ್ನೂ ಕೇಳಿದ ಕಿವಿಗೆ ಕ್ರಿಸ್‌ಮಸ್ ಬರೀ ಮುದ್ದುಮಗುವಿನ ಕಥೆಯಾಗಿ ಉಳಿಯುವುದಿಲ್ಲ.

ದಿನವೂ ಅಧ್ಯಾಯ ಓದಲು ಆಗದವರಿಗೆ ವಾರಕ್ಕೊಂದು ಭಾಗ: ಯೆಶಾಯ 9:2–7, ಮೀಕ 5:2–5, ಯೆಶಾಯ 11:1–9, ಲೂಕ 1:26–56. ಸಮಯ ಮಾತ್ರ ಗಟ್ಟಿ ಮಾಡಿ. ‘ಬಿಡುವಾದಾಗ’ ಎಂದರೆ ಆಗುವುದೇ ಇಲ್ಲ. ರಾತ್ರಿ ಊಟದ ತಟ್ಟೆ ಎತ್ತುವ ಮುಂಚೆ ಎಂದಿಟ್ಟುಕೊಂಡರೆ ಉಳಿಯುತ್ತದೆ, ಏಕೆಂದರೆ ಆಗ ಎಲ್ಲರೂ ಕೂತಿರುತ್ತಾರೆ. ಓದುವ ಸರದಿ ದಿನಕ್ಕೊಬ್ಬರದು. ಓದಿನ ಹಿಂದೆ ಉಪದೇಶ ಬೇಡ. ‘ಇವತ್ತು ಕೇಳಿದ್ದರಲ್ಲಿ ಯಾವುದು ವಿಚಿತ್ರ ಅನ್ನಿಸಿತು?’ ಎಂಬ ಒಂದು ಪ್ರಶ್ನೆ ಸಾಕು.

ಗೋದಲಿ ಕಟ್ಟುವಾಗ ಏನು ಗಮನಿಸಬೇಕು?

ಅಸ್ಸೀಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಹುಲ್ಲು, ಎತ್ತು, ಕತ್ತೆ ತಂದು ಬೇತ್ಲೆಹೇಮಿನ ರಾತ್ರಿಯನ್ನು ಜನರ ಕಣ್ಣೆದುರು ಇಟ್ಟ. ದೇವರ ಮಗ ಹುಟ್ಟಿದ ಕಡೆ ಎಷ್ಟು ಕೊರತೆಯಿತ್ತು ಎಂಬುದನ್ನು ಜನ ಕಣ್ಣಾರೆ ಕಾಣಲಿ ಎಂಬುದು ಅವನ ಆಸೆ. ಈಗಿನ ಗೋದಲಿಗಳಲ್ಲಿ ಜಲಪಾತ, ರೈಲು, ಮಿಣುಕು ದೀಪಗಳ ನಡುವೆ ಮಗುವನ್ನು ಹುಡುಕಬೇಕಾಗುತ್ತದೆ. ಒಂದು ನಿಯಮ ಇಟ್ಟುಕೊಳ್ಳಿ: ಬಾಗಿಲಲ್ಲಿ ನಿಂತು ನೋಡಿದಾಗ ಕಣ್ಣು ಮೊದಲು ಗೋದಲಿಯ ತೊಟ್ಟಿಯ ಮೇಲೆ ಬೀಳಬೇಕು. ಬೀಳದಿದ್ದರೆ ಸುತ್ತಲಿನದ್ದು ಜಾಸ್ತಿಯಾಯಿತು. ಬಣ್ಣದ ಸರಮಾಲೆಗಿಂತ ತೊಟ್ಟಿಯ ಹಿಂದೆ ಬಚ್ಚಿಟ್ಟ ಒಂದೇ ಹಳದಿ ದೀಪ ಹೆಚ್ಚು ಕೆಲಸ ಮಾಡುತ್ತದೆ.

ಬೊಂಬೆಗಳನ್ನೆಲ್ಲ ಒಂದೇ ದಿನ ಇಡಬೇಡಿ. ಮೊದಲ ಭಾನುವಾರ ಖಾಲಿ ಕೊಟ್ಟಿಗೆ ಮತ್ತು ಖಾಲಿ ತೊಟ್ಟಿ. ಮರಿಯ, ಯೋಸೇಫ ಮನೆಯ ಇನ್ನೊಂದು ಮೂಲೆಯಿಂದ ಹೊರಟು ದಿನಕ್ಕಿಷ್ಟು ಮುಂದೆ ಬರಲಿ. ಅವರನ್ನು ಸರಿಸುವ ಕೆಲಸ ಮಕ್ಕಳದ್ದು. 24ರ ರಾತ್ರಿ ಮಗು, ಆಮೇಲೆ ಕುರುಬರು. ನಕ್ಷತ್ರ ನೋಡಿ ಮಗುವನ್ನು ಹುಡುಕಿ ಬಂದ ಮೂಡಣ ದೇಶದ ಜೋಯಿಸರು ದೂರದ ಕಿಟಕಿಯಿಂದ ಹೊರಟು ಜನವರಿ 6ಕ್ಕೆ ತಲುಪಲಿ. ಗೋದಲಿಯ ಎತ್ತರ ಮಗುವಿನ ಕಣ್ಣಿಗೆ ಸರಿಯಾಗಿ, ನೆಲದಿಂದ 60–70 ಸೆಂ.ಮೀ. ಇದ್ದರೆ ಚೆನ್ನ. ಪುಟ್ಟ ಕೈಗಳು ಮುಟ್ಟಿಯೇ ಮುಟ್ಟುತ್ತವೆ, ಆದ್ದರಿಂದ ಮರದ ಅಥವಾ ಬಟ್ಟೆಯ ಬೊಂಬೆ ಆರಿಸಿ. ಮುಟ್ಟಬಾರದ ಗೋದಲಿ ಬರೀ ಷೋಕೇಸ್.

ತೊಟ್ಟಿಗೆ ಹುಲ್ಲು ತುಂಬುವ ರೂಢಿಯೂ ಇದೆ: ಯಾರಿಗಾದರೂ ಒಂದು ಉಪಕಾರ ಮಾಡಿದರೆ ಒಂದು ಎಸಳು ಹುಲ್ಲು. ಮಕ್ಕಳಿರುವ ಮನೆಯಲ್ಲಿ ಇದು ಮೂರನೇ ದಿನಕ್ಕೇ ಪೈಪೋಟಿಯಾಗುತ್ತದೆ, ‘ನನ್ನದು ಹನ್ನೊಂದು, ನಿನ್ನದು ನಾಲ್ಕು’. ಮಾಡಿದ್ದನ್ನು ಹೇಳಬಾರದು, ಹಾಕುವುದನ್ನು ಯಾರೂ ನೋಡಬಾರದು ಎಂದು ಮೊದಲೇ ಗೊತ್ತುಮಾಡಿ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂದು ಮತ್ತಾಯ 6:3 ಹೇಳುವುದೂ ಹಾಗೆಯೇ.

ಗೋದಲಿಯಲ್ಲಿ ಇರುವುದೆಲ್ಲ ಬೈಬಲಿನಲ್ಲಿದೆಯೇ?

ಇಲ್ಲ. ತಿಳಿದಿಟ್ಟುಕೊಂಡರೆ ಮಕ್ಕಳ ಪ್ರಶ್ನೆಗೆ ತಡವರಿಸಬೇಕಾಗುವುದಿಲ್ಲ. ಎತ್ತು ಕತ್ತೆಗಳು ಲೂಕನಲ್ಲಿಲ್ಲ. ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ತನ್ನ ಯಜಮಾನನ ಗೋದಲಿ ಗೊತ್ತು, ನನ್ನ ಜನಕ್ಕೆ ಮಾತ್ರ ಗೊತ್ತಿಲ್ಲ ಎನ್ನುವ ಯೆಶಾಯ 1:3ರಿಂದ ಬಂದವು. ಜೋಯಿಸರು ಮೂವರು ಎಂದು ಮತ್ತಾಯ ಹೇಳಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂದು ಕಾಣಿಕೆಗಳು ಮೂರಿದ್ದದ್ದರಿಂದ ಜನರೂ ಮೂವರಾದರು. ಅವರು ಅರಸರು ಎಂದೂ ಹೇಳಿಲ್ಲ. ಬಂದದ್ದು ಮನೆಗೆ, 2:11 ನೋಡಿ.

‘ಛತ್ರದಲ್ಲಿ ಸ್ಥಳವಿರಲಿಲ್ಲ’ ಎಂಬ ಮಾತು ಎಲ್ಲಕ್ಕಿಂತ ಸ್ವಾರಸ್ಯದ್ದು. ಅಲ್ಲಿ ಲೂಕ ಬಳಸಿದ ಗ್ರೀಕ್ ಪದ ‘ಕತಾಲುಮ’. ಇದೇ ಪದವನ್ನು ಅವನು 22:11ರಲ್ಲಿ ಕಡೆಯ ಭೋಜನ ನಡೆದ ಮನೆಯ ಅತಿಥಿಕೋಣೆಗೆ ಬಳಸುತ್ತಾನೆ. ಒಳ್ಳೆಯ ಸಮಾರ್ಯದವನ ಕಥೆಯ ದುಡ್ಡು ಕೊಟ್ಟು ಉಳಿಯುವ ಛತ್ರಕ್ಕೆ ಅವನ ಪದವೇ ಬೇರೆ, ‘ಪಂದೊಖೆಯೊನ್’. ಆದ್ದರಿಂದ ನೆಂಟರು ತುಂಬಿದ ಮನೆಯಲ್ಲಿ ಅತಿಥಿಕೋಣೆ ಖಾಲಿಯಿಲ್ಲದೆ ದನಕರುಗಳಿರುವ ಭಾಗದಲ್ಲಿ ಮಗು ಹುಟ್ಟಿತು ಎಂದು ಓದುವವರು ಬಹಳ. ಬಾಗಿಲು ಮುಚ್ಚುವ ಕಟುಕ ಛತ್ರದವನು ಲೂಕನಲ್ಲಿ ಇಲ್ಲವೇ ಇಲ್ಲ; ಮಕ್ಕಳ ನಾಟಕಗಳು ಅವನನ್ನು ಹುಟ್ಟಿಸಿದವು, ಪಾಪ.

24ರ ರಾತ್ರಿ ಮನೆಯ ಪ್ರಾರ್ಥನೆಗೆ ಒಂದು ಕ್ರಮ ಕೊಡಿ.

ಇಪ್ಪತ್ತು ನಿಮಿಷ ಸಾಕು. ಆರಾಧನೆಗೆ ಹೊರಡುವ ಮುಂಚೆ ಅಥವಾ ಊಟಕ್ಕೆ ಮುಂಚೆ ಇಟ್ಟುಕೊಳ್ಳಿ. ಊಟದ ನಂತರ ಇಟ್ಟರೆ ಅರ್ಧ ಜನ ತೂಕಡಿಸುತ್ತಾರೆ. ಫೋನುಗಳು ಬೇರೆ ಕೋಣೆಯಲ್ಲಿರಲಿ. ಹಾಡಿನ ಸಾಲು ಫೋನಿನಲ್ಲಿ ನೋಡುತ್ತೇವೆ ಎಂದು ಕೈಗೆತ್ತಿಕೊಂಡವರು ಮರಳಿ ಬರುವುದಿಲ್ಲ, ಆದ್ದರಿಂದ ಹಾಡುಗಳನ್ನು ಕಾಗದದಲ್ಲಿ ಬರೆದಿಡಿ.

ಎಲ್ಲ ದೀಪ ಆರಿಸಿ ಒಂದು ನಿಮಿಷ ಕತ್ತಲಲ್ಲಿ ಸುಮ್ಮನೆ ಕೂರಿ. ಕತ್ತಲಲ್ಲೇ ಒಬ್ಬರು ಯೆಶಾಯ 9:2 ಬಾಯಿಪಾಠ ಹೇಳಲಿ. ಮನೆಯ ಅತಿ ಚಿಕ್ಕವರು, ದೊಡ್ಡವರೊಬ್ಬರ ಕೈ ಹಿಡಿದು, ನಡುವಿನ ಬಿಳಿ ಬತ್ತಿ ಹಚ್ಚಲಿ. ಒಂದು ಹಾಡು. ಆಮೇಲೆ ಲೂಕ 2:1–7. ಏಳನೇ ವಚನ ಮುಗಿದಲ್ಲಿ ನಿಲ್ಲಿಸಿ. ಮನೆಯ ಅತಿ ಹಿರಿಯರು ಮಗುವಿನ ಬೊಂಬೆಯನ್ನು ತೊಟ್ಟಿಯಲ್ಲಿ ಮಲಗಿಸಲಿ. ಈ ಹೊತ್ತಿನಲ್ಲಿ ಯಾರೂ ಮಾತಾಡದಿರುವುದೇ ಒಳ್ಳೆಯದು, ಫೋಟೋ ಕೂಡ ಬೇಡ. ನಂತರ 8–20 ಓದಿ. ಇಡೀ 20 ವಚನ ಗಟ್ಟಿಯಾಗಿ ಓದಲು ಮೂರು ನಾಲ್ಕು ನಿಮಿಷ ಹಿಡಿಯುತ್ತದೆ, ಅವಸರ ಬೇಡ. ಪ್ರಾರ್ಥನೆಯಲ್ಲಿ ಈ ವರ್ಷ ತೀರಿಹೋದವರನ್ನು, ಈ ರಾತ್ರಿ ಮನೆಯಿಲ್ಲದವರನ್ನು ಹೆಸರು ಹಿಡಿದು ನೆನೆಯಿರಿ. ಕರ್ತನ ಪ್ರಾರ್ಥನೆ, ಕೊನೆಯ ಹಾಡು, ದೀಪ. ಉಡುಗೊರೆ ತೆರೆಯುವುದಿದ್ದರೆ ಇದಾದ ಮೇಲೆ. ಮೊದಲು ಉಡುಗೊರೆ ತೆರೆದರೆ ಮಕ್ಕಳ ಮನಸ್ಸು ಹೊಸ ಆಟಿಕೆಯಲ್ಲಿರುತ್ತದೆ. ಅದಕ್ಕೆ ಅವರನ್ನು ಬೈದು ಪ್ರಯೋಜನವಿಲ್ಲ, ಕ್ರಮ ಇಟ್ಟವರದ್ದೇ ತಪ್ಪು.

ಸಾಂತಾ ಕ್ಲಾಸ್‌ನನ್ನು ಮನೆಯಿಂದ ಹೊರಗಿಡಬೇಕೇ?

ನಮ್ಮ ಅಭಿಪ್ರಾಯದಲ್ಲಿ ಬೇಕಿಲ್ಲ, ಅವನ ಊರಿಗೆ ವಾಪಸ್ ಕಳಿಸಿದರಾಯಿತು. ಸಂತ ನಿಕೊಲಾಸ್ ನಾಲ್ಕನೇ ಶತಮಾನದ ಬಿಷಪ್, ಇಂದಿನ ತುರ್ಕಿಯಲ್ಲಿರುವ ಮೈರಾ ಎಂಬ ಪಟ್ಟಣದವನು. ಮದುವೆಗೆ ದುಡ್ಡಿಲ್ಲದ ಮೂವರು ಹೆಣ್ಣುಮಕ್ಕಳ ಮನೆಗೆ ರಾತ್ರಿ ಯಾರಿಗೂ ಕಾಣದಂತೆ ಚಿನ್ನ ಎಸೆದುಹೋದ ಎಂಬುದು ಅವನ ಬಗೆಗಿನ ಹೆಸರಾಂತ ಐತಿಹ್ಯ. ಅವನ ಹಬ್ಬ ಡಿಸೆಂಬರ್ 6ಕ್ಕೆ. ಆ ದಿನ ಈ ಕಥೆ ಹೇಳಿ, ಮಕ್ಕಳ ಕೈಯಿಂದಲೇ ಯಾರಿಗಾದರೂ ಗುಟ್ಟಾಗಿ ಏನಾದರೂ ಕೊಡಿಸಿ. 25 ಯೇಸುವಿಗೇ ಉಳಿಯುತ್ತದೆ.

‘ಸಾಂತಾ ನಿಜವಾಗಿ ಇದ್ದಾನಾ?’ ಎಂದು ಮಗು ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡಿ. ಕಾಣದ ಸಾಂತಾನ ಬಗ್ಗೆ ಹೇಳಿದ್ದು ಸುಳ್ಳೆಂದು ಗೊತ್ತಾದ ಮಗು, ಕಾಣದ ದೇವರ ಬಗ್ಗೆ ಹೇಳಿದ್ದನ್ನೂ ಅದೇ ತಕ್ಕಡಿಯಲ್ಲಿ ಇಟ್ಟರೆ ಆಶ್ಚರ್ಯವಿಲ್ಲ. ‘ಒಳ್ಳೆಯವನಾಗಿದ್ದರೆ ಮಾತ್ರ ಉಡುಗೊರೆ’ ಎಂಬ ಬೆದರಿಕೆಯನ್ನಂತೂ ಬಿಟ್ಟೇಬಿಡಿ. ಯೋಗ್ಯತೆ ನೋಡದೆ ಬಂದ ಕೃಪೆಯ ಹಬ್ಬದಲ್ಲಿ ಆ ಮಾತು ಹೊಂದುವುದಿಲ್ಲ.

ಉಡುಗೊರೆ ಕಡಿಮೆ ಮಾಡುವುದು ಹೇಗೆ? ಮಕ್ಕಳು ಬೇಸರ ಮಾಡಿಕೊಳ್ಳುತ್ತಾರೆ.

ಒಮ್ಮೆಲೇ ನಿಲ್ಲಿಸಿದರೆ ಬೇಸರ ಖಂಡಿತ. ಜೋಯಿಸರ ಲೆಕ್ಕದಲ್ಲಿ ಮಗುವಿಗೆ ಮೂರೇ ಎಂದು ಮಿತಿ ಹಾಕಿ, ಅಕ್ಟೋಬರ್‌ನಲ್ಲೇ ಹೇಳಿಬಿಡಿ. ಡಿಸೆಂಬರ್ 20ಕ್ಕೆ ಹೇಳಿದರೆ ಅದು ಶಿಕ್ಷೆಯಂತೆ ಕೇಳಿಸುತ್ತದೆ. ಅಜ್ಜ ಅಜ್ಜಿ, ಮಾವ ಅತ್ತೆಯರಿಗೂ ಆಗಲೇ ತಿಳಿಸಿ, ಇಲ್ಲದಿದ್ದರೆ ಮಿತಿ ಹಿಂಬಾಗಿಲಿನಿಂದ ಮುರಿಯುತ್ತದೆ.

ಕೊಡುವ ಪೆಟ್ಟಿಗೆ ಇಡುವ ಮನೆಗಳೂ ಉಂಟು: ದಿನಕ್ಕೊಂದು ಬಳಸಬಹುದಾದ ವಸ್ತು ಹಾಕಿ, 24 ವಸ್ತು ಆದ ಮೇಲೆ ಅಗತ್ಯವಿರುವವರಿಗೆ ಕೊಡುವುದು. ತಪ್ಪುವುದು ತಾರೀಕಿನಲ್ಲಿ. ಡಿಸೆಂಬರ್ 24ಕ್ಕೆ ತುಂಬುವ ಪೆಟ್ಟಿಗೆ ಯಾರ ಹಬ್ಬಕ್ಕೂ ಒದಗುವುದಿಲ್ಲ. ನವೆಂಬರ್ 20ರ ಸುಮಾರಿಗೆ ಶುರುಮಾಡಿ ಡಿಸೆಂಬರ್ 13–14ಕ್ಕೆ ತಲುಪಿಸಿ. ಕೊಡುವ ಮುಂಚೆ ಅವರಿಗೆ ಬೇಕಾದ್ದೇನು ಎಂದು ಕೇಳಿ. ಮನೆಯಲ್ಲಿ ಬೇಡವಾದದ್ದನ್ನು ತುಂಬಿದರೆ ಅದಕ್ಕೆ ದಾನ ಎಂಬ ಹೆಸರು ಸಲ್ಲದು.

ಕ್ರಿಸ್‌ಮಸ್ ಮರ ಅನ್ಯಧರ್ಮದ್ದಂತೆ, ನಿಜವೇ?

ಈಗಿನ ರೂಪದ ಮರ 16ನೇ ಶತಮಾನದ ಜರ್ಮನ್ ಕ್ರೈಸ್ತ ಮನೆಗಳಿಂದ ಬಂದದ್ದು. ಹಸಿರು ಕೊಂಬೆಗಳಿಂದ ಮನೆ ಸಿಂಗರಿಸುವುದು ಅದಕ್ಕಿಂತ ಎಷ್ಟೋ ಹಳೆಯದು, ಅದು ಯಾವ ಒಂದು ಧರ್ಮದ ಸೊತ್ತೂ ಅಲ್ಲ. ಮರಕ್ಕೆ ಅರ್ಥ ತುಂಬಬೇಕೆಂದರೆ ‘ಇಷಯನ ಮರ’ (ಇಷಯ ದಾವೀದ ಅರಸನ ತಂದೆ) ಮಾಡಿ: ಇಷಯನ ಬುಡದಿಂದ ಚಿಗುರು ಒಡೆಯುವುದು ಎಂಬ ಯೆಶಾಯ 11:1ರ ಆಧಾರದಲ್ಲಿ ದಿನಕ್ಕೊಂದು ಚಿತ್ರ ತೂಗುಹಾಕುವುದು. ಆದಾಮನಿಗೆ ಹಣ್ಣು, ನೋಹನಿಗೆ ನಾವೆ, ಅಬ್ರಹಾಮನಿಗೆ ನಕ್ಷತ್ರ, ರೂತಳಿಗೆ ತೆನೆ, ದಾವೀದನಿಗೆ ಕಿನ್ನರಿ. ಚಿತ್ರಗಳನ್ನು ಮಕ್ಕಳೇ ಬರೆಯಲಿ. ಮತ್ತಾಯ 1ರ ವಂಶಾವಳಿಯ ತಾಮಾರ, ರಾಹಾಬ, ರೂತ, ಊರೀಯನ ಹೆಂಡತಿ ಇವರನ್ನು ಬಿಡಬೇಡಿ. ಆ ಪಟ್ಟಿಯ ಜೀವ ಅಲ್ಲಿದೆ.

ಮಕ್ಕಳ ನಾಟಕ ಪ್ರತಿ ವರ್ಷ ಗೊಂದಲವಾಗುತ್ತದೆ. ಏನು ಮಾಡಬೇಕು?

ಸಂಭಾಷಣೆ ತೆಗೆದುಹಾಕಿ. ಮಕ್ಕಳಿಗೆ ಮಾತು ಮರೆಯುತ್ತದೆ, ಒಂದೇ ಮೈಕು ಕೈಯಿಂದ ಕೈಗೆ ಹೋಗುವಷ್ಟರಲ್ಲಿ ದೇವದೂತ ಅಳುತ್ತಿರುತ್ತಾನೆ. ಚೆನ್ನಾಗಿ ಓದುವ ಒಬ್ಬರು ನಿಂತ ಮೈಕಿನಲ್ಲಿ ಲೂಕ 2:1–20, ಮತ್ತಾಯ 2:1–12 ಓದಲಿ. ಮಕ್ಕಳು ನಡೆದು ತೋರಿಸಲಿ. ನಡುವೆ ನಾಲ್ಕು ಹಾಡು ಸೇರಿಸಿದರೆ ಒಟ್ಟು 20 ನಿಮಿಷ. ಐದು ವರ್ಷಕ್ಕಿಂತ ಚಿಕ್ಕವರೆಲ್ಲ ಕುರಿಗಳು, ಕುರಿ ಎಲ್ಲಿ ಅಲೆದರೂ ನಡೆಯುತ್ತದೆ. ಅಭ್ಯಾಸ ಮೂರು ಸಲ ಸಾಕು, ಮೂರನೆಯದು ಬಟ್ಟೆ ಸಮೇತ, ಅದೇ ಜಾಗದಲ್ಲಿ. ಬಹುಮಾನ, ಭಾಷಣ, ಸನ್ಮಾನವನ್ನು ಇದರ ಜೊತೆ ಹೊಲಿಯಬೇಡಿ.

ದೊಡ್ಡವರಿಗೆ ಒಂಬತ್ತು ವಾಚನಗಳ ಹಾಡಿನ ಆರಾಧನೆ ಇದೆ. 1880ರಲ್ಲಿ ಇಂಗ್ಲೆಂಡಿನ ಟ್ರೂರೋದಲ್ಲಿ ಹುಟ್ಟಿ, 1918ರಿಂದ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನಿಂದ ಹೆಸರಾಯಿತು. ಆದಾಮ ಹವ್ವರು ಪಾಪಕ್ಕೆ ಬಿದ್ದ ಆದಿಕಾಂಡ 3ರಲ್ಲಿ ಶುರುವಾಗಿ ಯೋಹಾನ 1ರಲ್ಲಿ ಮುಗಿಯುತ್ತದೆ. ಚಿಕ್ಕ ಸಭೆಗೆ ಐದು ವಾಚನ ಸಾಕು, ಆದರೆ ಮೊದಲನೆಯದನ್ನೂ ಕೊನೆಯದನ್ನೂ ಬಿಡಬಾರದು. ಬಿದ್ದದ್ದನ್ನು ಹೇಳದಿದ್ದರೆ ಎತ್ತಲು ಬಂದವನು ಯಾಕೆ ಬಂದ ಎಂದು ತಿಳಿಯುವುದಿಲ್ಲ.

ಬೇರೆ ಧರ್ಮದ ಗೆಳೆಯರು ಊಟಕ್ಕೆ ಬರುತ್ತಾರೆ. ಪ್ರಾರ್ಥನೆ ಬಿಡಬೇಕೇ?

ಬಿಡಬೇಡಿ, ಮುಂಚೆಯೇ ಹೇಳಿಡಿ: ‘ಊಟಕ್ಕೆ ಮುಂಚೆ ಐದು ನಿಮಿಷ ಓದಿ ಹಾಡುತ್ತೇವೆ, ನೀವು ಸುಮ್ಮನೆ ಕೂತಿದ್ದರೆ ಸಾಕು.’ ಅತಿಥಿಗಳಿಗೆ ಮುಜುಗರ ತರುವುದು ಪ್ರಾರ್ಥನೆಯಲ್ಲ, ಯಾವಾಗ ಎದ್ದು ನಿಲ್ಲಬೇಕು, ಯಾವಾಗ ಕಣ್ಣು ಮುಚ್ಚಬೇಕು ಎಂದು ತಿಳಿಯದಿರುವುದು. ಓದುವುದಕ್ಕೆ ಲೂಕ 2:8–14 ಕಥೆಯಂತೆ ಸಾಗುತ್ತದೆ, ವಿವರಣೆ ಬೇಕಾಗುವುದಿಲ್ಲ. ಅವರು ಕೇಳಿದರೆ ಹೇಳಿ. ಕೇಳದವರನ್ನು ಊಟದ ತಟ್ಟೆಯ ಮುಂದೆ ಕೂರಿಸಿ ಪ್ರಸಂಗ ಮಾಡುವುದು ಆತಿಥ್ಯವಲ್ಲ.

ಮನೆಯಲ್ಲಿ ಸಾವಾಗಿದೆ. ಈ ವರ್ಷ ಆಚರಿಸುವುದು ಸರಿಯೇ?

ಸಡಗರ ಬಿಡಬಹುದು, ಹಬ್ಬ ಬಿಡಬೇಕಿಲ್ಲ. ಅನೇಕ ಸಭೆಗಳ ಕ್ಯಾಲೆಂಡರನ್ನೇ ನೋಡಿ: 26 ಕಲ್ಲೇಟಿಗೆ ಸತ್ತ ಸ್ತೆಫನನ ದಿನ, 28 ಹೆರೋದ ಕೊಲ್ಲಿಸಿದ ಮಕ್ಕಳ ದಿನ. ಗೋದಲಿಯ ಪಕ್ಕದಲ್ಲೇ ಕಣ್ಣೀರಿಗೂ ಜಾಗವಿದೆ. ಗೋದಲಿಯೊಂದನ್ನು ಇಟ್ಟು, ತೀರಿಹೋದವರ ಹೆಸರಿನಲ್ಲಿ ಒಂದು ಬತ್ತಿ ಹಚ್ಚಿ, ಲೂಕ 2 ಓದಿದರೆ ಆಯಿತು. ಹಾಡಲು ಗಂಟಲು ಬರದಿದ್ದರೆ ಹಾಡು ಕೇಳಿ. ನೆರೆಹೊರೆಯವರಿಗೊಂದು ಮಾತು: ‘ಅವರಿಗೆ ಈ ಸಲ ಹಬ್ಬವಿಲ್ಲ’ ಎಂದು ಅಂಥ ಮನೆಯನ್ನು ದಾಟಿ ಹೋಗಬೇಡಿ. ಹಾಡುವ ತಂಡ ಹೋಗಲಿ, ಒಂದೇ ಹಾಡು ಮೆಲ್ಲಗೆ ಹಾಡಿ ಬರಲಿ.

25ರಂದು ಕೆಲಸಕ್ಕೆ ಹೋಗಲೇಬೇಕು. ಹಬ್ಬ ಕಳೆದುಕೊಂಡಂತೆಯೇ?

ಇಲ್ಲ. ಕ್ರಿಸ್‌ಮಸ್ ಕಾಲ 25ಕ್ಕೆ ಶುರುವಾಗುತ್ತದೆ, ಮುಗಿಯುವುದಿಲ್ಲ. ಜನವರಿ 5ರವರೆಗೆ ಹನ್ನೆರಡು ದಿನ. 24ರ ರಾತ್ರಿಯ ಆರಾಧನೆಗೆ ಹೋಗಿ, ಮನೆಯ ಊಟವನ್ನು ಎಲ್ಲರಿಗೂ ರಜೆ ಇರುವ ದಿನಕ್ಕೆ ಇಟ್ಟುಕೊಳ್ಳಿ. ಮೊದಲ ಸುದ್ದಿ ಮುಟ್ಟಿದ್ದು ರಾತ್ರಿ ಪಾಳಿಯಲ್ಲಿದ್ದ ಕುರುಬರಿಗೆ.

‘ಎಕ್ಸ್‌ಮಸ್’ ಎಂದು ಬರೆದರೆ ಕ್ರಿಸ್ತನನ್ನು ಅಳಿಸಿದಂತಲ್ಲವೇ?

ಅಲ್ಲ. ಎಕ್ಸ್ ಆಕಾರದ ಆ ಅಕ್ಷರ ಗ್ರೀಕಿನ ‘ಖಿ’, ಗ್ರೀಕಿನಲ್ಲಿ ಕ್ರಿಸ್ತ ಎಂಬ ಹೆಸರಿನ ಮೊದಲಕ್ಷರ. ಕ್ರೈಸ್ತರೇ ಶತಮಾನಗಳಿಂದ ಹೀಗೆ ಚುಟುಕಾಗಿ ಬರೆದಿದ್ದಾರೆ. ಕಾರ್ಡಿನ ಮೇಲೆ ಪೂರ್ತಿ ಬರೆಯುವುದು ಚೆನ್ನ, ಆದರೆ ಬೇರೆಯವರು ಬರೆದರೆಂದು ಸಿಟ್ಟು ಬೇಡ.

ಗೋದಲಿ, ನಕ್ಷತ್ರ, ಮರ ಯಾವಾಗ ತೆಗೆಯಬೇಕು?

ಜನವರಿ 6, ಜೋಯಿಸರು ತಲುಪಿದ ಮೇಲೆ. ಗೋದಲಿಯನ್ನು ಫೆಬ್ರವರಿ 2ರವರೆಗೆ ಇಡುವವರೂ ಇದ್ದಾರೆ. ಹುಟ್ಟಿದ ನಲವತ್ತನೇ ದಿನ ಮಗುವನ್ನು ದೇವಾಲಯಕ್ಕೆ ಒಯ್ದದ್ದರ ನೆನಪಿನ ದಿನ ಅದು. ಡಿಸೆಂಬರ್ 26ರ ಬೆಳಿಗ್ಗೆಯೇ ಕಿತ್ತು ಕಟ್ಟಿಡುವ ಮನೆಗಳಲ್ಲಿ ಜೋಯಿಸರು ಪ್ರತಿ ವರ್ಷ ದಾರಿಯಲ್ಲೇ ಉಳಿಯುತ್ತಾರೆ.

ಡಬ್ಬಕ್ಕೆ ತುಂಬುವಾಗ ಮುಂದಿನ ವರ್ಷ ತೆಗೆಯುವ ಕ್ರಮವನ್ನು ತಿರುಗಿಸಿ ಇಡಿ: ತಳದಲ್ಲಿ ಜೋಯಿಸರು ಮತ್ತು ಒಂಟೆ, ಮೇಲೆ ಕುರುಬರು, ಅದರ ಮೇಲೆ ಮರಿಯ, ಯೋಸೇಫ, ಎಲ್ಲಕ್ಕಿಂತ ಮೇಲೆ ಖಾಲಿ ಕೊಟ್ಟಿಗೆ. ಒಂದೊಂದನ್ನೂ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ. ಸುದ್ದಿಪತ್ರಿಕೆಯ ಮಸಿ ಬಣ್ಣಕ್ಕೆ ಅಂಟುತ್ತದೆ. ಮಗುವಿನ ಬೊಂಬೆ ಚಿಕ್ಕದು, ಎಲ್ಲರ ಮನೆಯಲ್ಲೂ ಮೊದಲು ಕಳೆದುಹೋಗುವುದು ಅದೇ. ಅದನ್ನು ಮುಚ್ಚಳವಿರುವ ಪುಟ್ಟ ಡಬ್ಬಿಯಲ್ಲಿಟ್ಟು, ಹೆಸರು ಬರೆದು, ಕೊಟ್ಟಿಗೆಯ ಒಳಗೇ ದಾರದಿಂದ ಕಟ್ಟಿಬಿಡಿ.